ಯಾವ ನೆಲದಿಂದ ಏಳಡಿ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಹೇಳಿದ ಹಿರಿಯರು ಎರಡನ್ನೂ ಮಾಡಿ, ಎರಡರಲ್ಲಿಯೂ ಕೈ ಸುಟ್ಟುಕೊಂಡ ಮೇಲೆಯೇ ಹೇಳಿರಬೇಕು. ಆದರೂ ಈ ಎರಡು ಖರ್ಚುಗಳಿಗೆ ಒಂದು ವ್ಯತ್ಯಾಸವುಂಟು. ಮದುವೆಯಲ್ಲಿ ಹಣ ಹೋದ ದಾರಿ ಕಣ್ಣಿಗೆ ಕಾಣುತ್ತದೆ. ಛತ್ರ, ಊಟ, ಒಡವೆ, ಸೀರೆ ಎಂದು ಬೆರಳು ಮಡಿಸಿ ಎಣಿಸಬಹುದು. ಮನೆಯ ವಿಷಯ ಹಾಗಲ್ಲ. ಸಿಮೆಂಟಿನ ಲೆಕ್ಕ ಸರಿಯಾಗಿರುತ್ತದೆ. ಕಬ್ಬಿಣದ ರಶೀದಿಗಳು ತಂತಿಗೆ ಚುಚ್ಚಿದಂತೆಯೇ ಇರುತ್ತವೆ. ಕೂಲಿಯ ಬಟವಾಡೆ ವಾರವಾರವೂ ತಪ್ಪದೆ ನಡೆದಿರುತ್ತದೆ. ಆದರೂ ಗೃಹಪ್ರವೇಶದ ಹೊತ್ತಿಗೆ ಅಂದಾಜಿಗೂ ನಿಜಕ್ಕೂ ನಡುವೆ ಒಂದು ಕಂದಕ ಬಿದ್ದಿರುತ್ತದೆ. ಆ ಕಂದಕಕ್ಕೆ ಬಿದ್ದ ಹಣ ಏನಾಯಿತೆಂದು ಕೇಳಿದರೆ ಯಜಮಾನರು ಮೇಸ್ತ್ರಿಯ ಕಡೆಗೂ, ಮೇಸ್ತ್ರಿ ಬಡಗಿಯ ಕಡೆಗೂ, ಬಡಗಿ ದೇವರ ಕಡೆಗೂ ಕೈ ತೋರಿಸುತ್ತಾರೆ. ಅದರಲ್ಲಿ ಸಣ್ಣದಲ್ಲದ ಒಂದು ಪಾಲು ಕಟ್ಟಿದ್ದನ್ನು ಒಡೆಯುವುದಕ್ಕೂ, ಒಡೆದುದನ್ನು ಮತ್ತೆ ಕಟ್ಟುವುದಕ್ಕೂ ಹೋಗಿರುತ್ತದೆ. ಒಡೆಯುವ ಪ್ರಸಂಗ ಬಂದದ್ದಾದರೂ ಏಕೆ? ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬೇರೆಯಾಗಿ ಕೇಳಿಸಿಕೊಂಡದ್ದರಿಂದ, ಇಲ್ಲವೆ ಹೇಳಬೇಕಾದವರು ಹೇಳದೆಯೇ ಇದ್ದುದರಿಂದ.

ಅಜ್ಜಂಪುರದಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಮನೆ ಕಟ್ಟಿಸಿದ ವೃತ್ತಾಂತವನ್ನು ಇಲ್ಲಿ ಹೇಳಬಹುದು. ನಿವೃತ್ತಿಯಾದಾಗ ಕೈಗೆ ಬಂದ ಹಣವೆಲ್ಲವೂ ಆ ನಿವೇಶನಕ್ಕೇ ಹೋಗಿತ್ತು. ನಕ್ಷೆಯನ್ನು ಬರೆದುಕೊಟ್ಟವರು ಕಡೂರಿನ ಇಂಜಿನಿಯರು. ಗಾರೆಯ ಕೆಲಸ ಅಜ್ಜಂಪುರದ ಮೇಸ್ತ್ರಿಯದು. ಬಾಗಿಲು ಕಿಟಕಿಗಳನ್ನು ಮಾತ್ರ ತರೀಕೆರೆಯ ಬಡಗಿಗೆ ಒಪ್ಪಿಸಿದ್ದರು. ಒಳ್ಳೆಯ ಮರಕ್ಕೆ ಮಲೆನಾಡಿನ ಅಂಚಿನ ಆ ಊರೇ ಸರಿಯೆಂದು ಅವರ ನಂಬಿಕೆ. ಈ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಒಂದು ಗಂಟೆಯ ಆಸುಪಾಸಿನ ದಾರಿ. ಆದರೂ ಇಂಜಿನಿಯರು, ಮೇಸ್ತ್ರಿ, ಬಡಗಿ, ಈ ಮೂವರೂ ಒಟ್ಟಾಗಿ ಒಂದು ದಿನವೂ ಆ ನಿವೇಶನದಲ್ಲಿ ನಿಂತಿರಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸವನ್ನು ಮೇಷ್ಟ್ರು ತಾವೇ ವಹಿಸಿಕೊಂಡಿದ್ದರು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ಇದೇನು ಮಹಾ ಎಂಬ ಧೈರ್ಯವೂ ಇತ್ತು. (ಮೇಷ್ಟ್ರು, ಮೇಸ್ತ್ರಿ ಎಂಬ ಎರಡು ಮಾತುಗಳು ಮೂಲದಲ್ಲಿ ಒಂದೇ ಲ್ಯಾಟಿನ್ ಶಬ್ದದ ಮಕ್ಕಳು, ಒಂದು ಇಂಗ್ಲಿಷಿನ ಮೂಲಕವೂ ಇನ್ನೊಂದು ಪೋರ್ಚುಗೀಸಿನ ಮೂಲಕವೂ ಕನ್ನಡಕ್ಕೆ ಬಂದವು. ಒಂದೇ ವಂಶದವರಾದರೂ ಒಬ್ಬರ ಮಾತು ಒಬ್ಬರಿಗೆ ಸುಲಭವಾಗಿ ತಿಳಿಯುವುದಿಲ್ಲ.)

ಮೊದಲ ಮಾತುಕತೆಯಲ್ಲಿ ನೆಲಕ್ಕೆ ಕೆಂಪು ಕಾವಿಯೆಂದು ಗೊತ್ತಾಗಿತ್ತು. ಕಾವಿಯ ನೆಲಕ್ಕೆ ಒಂದು ಅಂಗುಲ ದಪ್ಪ ಸಾಕು. ಮೇಸ್ತ್ರಿ ಆ ಒಂದು ಅಂಗುಲವನ್ನು ಮನಸ್ಸಿನಲ್ಲಿಟ್ಟುಕೊಂಡು, ಒರಟು ಕಾಂಕ್ರೀಟಿನ ಮೇಲೆ ಎರಡೂವರೆ ಅಂಗುಲ ಎದ್ದು ನಿಲ್ಲುವಂತೆ ಮುಂಬಾಗಿಲಿನ ಹೊಸ್ತಿಲನ್ನು ಕೂಡಿಸಿದ್ದನು. ನೆಲ ಮುಗಿದ ಮೇಲೆ ಹೊಸ್ತಿಲು ಒಂದೂವರೆ ಅಂಗುಲ ಕಾಣಬೇಕೆಂಬುದು ಅವನ ಲೆಕ್ಕ. ಆ ಲೆಕ್ಕದಲ್ಲಿ ಲವಲೇಶವೂ ತಪ್ಪಿರಲಿಲ್ಲ. ನಡುವೆ ಒಂದು ಭಾನುವಾರ ಬೆಂಗಳೂರಿನಿಂದ ಮಗ ಬಂದನು. ಕಾವಿಯ ನೆಲ ಹಳೆಯ ಕಾಲದ್ದಾಯಿತು, ಗ್ರಾನೈಟ್ ಹಾಕಿಸೋಣವೆಂದನು. ತಂದೆ ಒಪ್ಪಿದರು. ಮುಕ್ಕಾಲು ಅಂಗುಲದ ಕಲ್ಲು, ಅದರಡಿಯಲ್ಲಿ ಒಂದೂ ಮುಕ್ಕಾಲು ಅಂಗುಲದ ಗಾರೆ. ನೆಲದ ಕೆಲಸ ಹೇಗೂ ಕೊನೆಯದಲ್ಲವೆ, ಈಗಲೇ ಮೇಸ್ತ್ರಿಗೆ ಹೇಳುವ ಅಗತ್ಯವೇನೆಂದು ಮೇಷ್ಟ್ರು ಸುಮ್ಮನಿದ್ದರು. ಬಡಗಿಗೆ ಹೇಳುವ ಯೋಚನೆಯಂತೂ ಯಾರಿಗೂ ಬರಲಿಲ್ಲ. ನೆಲಕ್ಕೂ ಬಡಗಿಗೂ ಏನು ಸಂಬಂಧ?

ಸಂಬಂಧವೇನೆಂಬುದು ಕಲ್ಲು ಹಾಸಿದ ದಿನ ಸಂಜೆ ತಿಳಿಯಿತು. ಹೊಸ್ತಿಲು ನೆಲದಲ್ಲಿ ಮುಳುಗಿಹೋಗಿತ್ತು. ಕಲ್ಲಿನ ಮೇಲ್ಮೈಯೂ ಹೊಸ್ತಿಲ ಮೇಲ್ಮೈಯೂ ಸರಿಸಮ. ಒಳಗಿನ ಬಾಗಿಲುಗಳನ್ನು ತಳ್ಳಿದರೆ ಕಲ್ಲನ್ನು ಕೆರೆಯುತ್ತ ಅರ್ಧದಲ್ಲಿಯೇ ನಿಂತವು. ಗೃಹಿಣಿ ಬಂದು ನೋಡಿದರು. ಖರ್ಚಿನ ಮಾತನ್ನಾಗಲಿ, ತಪ್ಪು ಯಾರದೆಂಬುದನ್ನಾಗಲಿ ಅವರು ಎತ್ತಲಿಲ್ಲ. "ಇನ್ನು ಅರಿಸಿನ ಕುಂಕುಮ ಎಲ್ಲಿಗೆ ಹಚ್ಚಲಿ?" ಎಂದು ಕೇಳಿ ಒಳಗೆ ಹೋದರು.

ಮರುದಿನ ನಡೆದ ಪಂಚಾಯಿತಿಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಪಕ್ಷವನ್ನು ಮಂಡಿಸಿದರು.

"ಮೇಷ್ಟ್ರೇ, ನೀವು ಕಾವಿ ನೆಲ ಅಂದ್ರಿ. ನಾನು ಒಂದಿಂಚು ಬಿಟ್ಟೆ. ಕಲ್ಲು ಬರ್ತದೆ ಅಂತ ನನಗ್ಯಾರು ಹೇಳಿದ್ರು?" ಎಂದು ಮೇಸ್ತ್ರಿ.

"ಸ್ವಾಮಿ, ಏಳಡಿ ಬಾಗಿಲು ಅಂತ ಬರೆದು ಕಳಿಸಿದ್ರಿ. ಬೇಕಾದರೆ ಅಳೆದು ನೋಡಿ, ಒಂದು ನೂಲು ಹೆಚ್ಚು ಕಡಿಮೆ ಇದ್ದರೆ ಕೇಳಿ" ಎಂದು ತರೀಕೆರೆಯಿಂದ ಬಂದ ಬಡಗಿ.

ಇಂಜಿನಿಯರು ದೂರವಾಣಿಯಲ್ಲಿ, "ನಕ್ಷೆಯಲ್ಲಿ ಏಳಡಿ ಎಂದರೆ ಮುಗಿದ ನೆಲದಿಂದ ಏಳಡಿ ಸಾರ್, ಅದು ಎಲ್ಲರಿಗೂ ಗೊತ್ತಿರುವ ವಿಷಯ" ಎಂದರು.

ಎಲ್ಲರಿಗೂ ಗೊತ್ತಿರುವ ವಿಷಯವೆಂಬ ಮಾತು ಕಟ್ಟಡದ ಕೆಲಸದಲ್ಲಿ ಬಹು ದುಬಾರಿಯಾದುದು. ಮೂವರ ಮಾತೂ ನಿಜವಾಗಿತ್ತು. ಏಳಡಿಯೆಂಬ ಅಳತೆಯಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಯಾವ ನೆಲದಿಂದ ಏಳಡಿ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಿರಲಿಲ್ಲ. ಮೇಸ್ತ್ರಿಯ ನೆಲ ಒರಟು ಕಾಂಕ್ರೀಟು. ಇಂಜಿನಿಯರ ನೆಲ ಇನ್ನೂ ಹುಟ್ಟದೆ ಕಾಗದದ ಮೇಲಿದ್ದ ನೆಲ. ಬಡಗಿಗೆ ನೆಲವೆಂದರೆ ತರೀಕೆರೆಯ ತನ್ನ ಅಂಗಡಿಯ ನೆಲ. ಕೊನೆಗೆ ಹಳೆಯ ಹೊಸ್ತಿಲ ಮೇಲೆ ಮತ್ತೊಂದು ಹೊಸ್ತಿಲನ್ನು ಕೂಡಿಸಿ, ಬಾಗಿಲುಗಳ ಬುಡವನ್ನು ಕತ್ತರಿಸಬೇಕಾಯಿತು. ಮುಂಬಾಗಿಲಿನ ಕೆಳಪಟ್ಟಿಯಲ್ಲಿ ಬಡಗಿ ವಾರಗಟ್ಟಲೆ ಕುಳಿತು ಕೆತ್ತಿದ್ದ ಬಳ್ಳಿಯ ಅರ್ಧ ಭಾಗ ಗರಗಸದ ಪಾಲಾಯಿತು. ಮೇಷ್ಟ್ರು ಕೋಪದಲ್ಲಿ ಮೇಸ್ತ್ರಿಯ ಕೊನೆಯ ಕಂತನ್ನು ತಡೆಹಿಡಿದರು. ಮೇಸ್ತ್ರಿ ತನ್ನ ಕೈಕೆಳಗಿನ ಇಬ್ಬರು ಆಳುಗಳ ಕೂಲಿಯನ್ನು ಕೊಡಲಾರದೆ ಹೋದನು. ಮಗ ಭಾನುವಾರದ ಸಂಜೆಯ ರೈಲಿಗೆ ಆಡಿ ಹೋದ ಒಂದು ಮಾತಿನ ಬೆಲೆಯನ್ನು ತೆತ್ತವರು ಅವನ ಮುಖವನ್ನೇ ಕಾಣದ ಆ ಇಬ್ಬರು. ಎರಡು ತಿಂಗಳ ಮೇಲೆ ಊರಿನ ಹಿರಿಯರೊಬ್ಬರು ನಡುವೆ ನಿಂತು ಹಣ ಕೊಡಿಸಿದರು. ಮೇಷ್ಟ್ರೂ ಮೇಸ್ತ್ರಿಯೂ ಸಂತೆಯಲ್ಲಿ ಎದುರಾದಾಗ ಮೊದಲಿನಂತೆ ನಿಂತು ಮಾತಾಡುವುದು ಮಾತ್ರ ನಿಂತುಹೋಯಿತು.

ಎಲ್ಲಿಂದ ಅಳೆಯುವುದೆಂಬ ಈ ತೊಡಕು ಮನೆಗಳಿಗೆ ಮಾತ್ರ ಸೇರಿದ್ದಲ್ಲ. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಜಲಾಶಯಗಳ ಮಟ್ಟವನ್ನು ಅಚ್ಚು ಹಾಕುತ್ತವೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿರುವ ಭದ್ರಾ ಜಲಾಶಯದ ಪೂರ್ಣ ಮಟ್ಟ ೧೮೬ ಅಡಿ. ಶರಾವತಿಯ ಲಿಂಗನಮಕ್ಕಿಯದು ೧,೮೧೯ ಅಡಿ. ಇದನ್ನು ಓದಿದ ಶಾಲೆಯ ಹುಡುಗ ಲಿಂಗನಮಕ್ಕಿ ಭದ್ರೆಗಿಂತ ಹತ್ತು ಪಾಲು ಎತ್ತರದ ಅಣೆಕಟ್ಟೆಂದು ತಿಳಿದರೆ ಅದು ಅವನ ತಪ್ಪಲ್ಲ. ಭದ್ರೆಯನ್ನು ಅಣೆಕಟ್ಟಿನ ಬುಡದಿಂದ ಅಳೆಯುತ್ತಾರೆ, ಲಿಂಗನಮಕ್ಕಿಯನ್ನು ಸಮುದ್ರದ ಮಟ್ಟದಿಂದ. ಪಕ್ಕಪಕ್ಕದಲ್ಲಿ ಅಚ್ಚಾಗುವ ಈ ಎರಡು ಅಂಕೆಗಳ ನೆಲ ಬೇರೆ ಬೇರೆ.

ಸಮುದ್ರದ ಮಟ್ಟವಾದರೂ ಎಲ್ಲರಿಗೂ ಒಂದೆಯೆ? ಜರ್ಮನಿ ಸ್ವಿಟ್ಜರ್ಲೆಂಡುಗಳ ಗಡಿಯಲ್ಲಿ, ರೈನ್ ನದಿಯ ದಡದ ಲಾಫೆನ್‌ಬುರ್ಗ್ ಎಂಬ ಊರಿನಲ್ಲಿ ಒಂದು ಸೇತುವೆಯನ್ನು ಎರಡು ದಡಗಳಿಂದಲೂ ಕಟ್ಟಿಕೊಂಡು ಬಂದರು. ಜರ್ಮನರು ಎತ್ತರವನ್ನು ಆಮ್‌ಸ್ಟರ್‌ಡ್ಯಾಮಿನ ಬಳಿಯ ಉತ್ತರ ಸಮುದ್ರದಿಂದ ಅಳೆಯುವವರು. ಸ್ವಿಸ್ಸರು ಮಾರ್ಸೇಲ್ಸಿನ ಬಳಿಯ ಮೆಡಿಟರೇನಿಯನ್ ಸಮುದ್ರದಿಂದ. ಈ ಎರಡು ಲೆಕ್ಕಗಳಿಗೆ ೨೭ ಸೆಂಟಿಮೀಟರಿನ ಅಂತರವುಂಟು. ಇದು ಎರಡೂ ಕಡೆಯವರಿಗೆ ಮೊದಲೇ ತಿಳಿದಿತ್ತೆಂಬುದೇ ಸ್ವಾರಸ್ಯ. ಆದರೆ ಆ ೨೭ ಸೆಂಟಿಮೀಟರನ್ನು ಕೂಡಬೇಕೋ ಕಳೆಯಬೇಕೋ ಎಂಬಲ್ಲಿ ಎಡವಿದರು. ತಿದ್ದಲು ಹೋದ ತಪ್ಪು ಇಮ್ಮಡಿಯಾಗಿ, ೨೦೦೩ರಲ್ಲಿ ನೋಡಿದಾಗ ಒಂದು ದಡದ ಕೆಲಸ ಇನ್ನೊಂದಕ್ಕಿಂತ ೫೪ ಸೆಂಟಿಮೀಟರು ಎತ್ತರದಲ್ಲಿತ್ತು. ಜರ್ಮನಿಯ ಕಡೆಯ ಕೆಲಸವನ್ನು ತಗ್ಗಿಸಿ ಸರಿಪಡಿಸಬೇಕಾಯಿತು. ಅಳತೆಯ ಉಪಕರಣಗಳಿಗೂ ವಿದ್ಯೆಗೂ ಯಾವ ಕೊರತೆಯೂ ಇಲ್ಲದ ದೇಶಗಳಲ್ಲಿ ನಡೆದ ಸಂಗತಿಯಿದು. ಅಜ್ಜಂಪುರದ ಹೊಸ್ತಿಲು ಒಂದೂವರೆ ಅಂಗುಲ ಮುಳುಗಿದ್ದಕ್ಕೆ ನಗುವವರು ಇದನ್ನು ನೆನೆಯುವುದು ಒಳ್ಳೆಯದು.

ನಮ್ಮ ಹಿಂದಿನವರಿಗೆ ಈ ಎಚ್ಚರವಿತ್ತು. ದಾನ ಕೊಟ್ಟ ಭೂಮಿಯನ್ನು ಇಷ್ಟು ಮತ್ತರು, ಇಷ್ಟು ಕಮ್ಮವೆಂದು ಹೇಳಿ ಸುಮ್ಮನಾಗದೆ, ಅದನ್ನು ಯಾವ ಗಳೆಯಿಂದ ಅಳೆಯಿತೆಂಬುದನ್ನೂ ಹೆಸರಿಸುವ ಶಾಸನಗಳುಂಟು. ಬಳ್ಳಿಗಾವೆಯ ಕಡೆಯ ಭೇರುಂಡ ಗಳೆ ಅಂಥ ಒಂದು ಹೆಸರು. ಊರೂರಿಗೆ ಗಳೆಯ ಉದ್ದ ಬೇರೆಯಾಗುತ್ತಿದ್ದ ಕಾಲದಲ್ಲಿ ಅಂಕೆಯೊಂದನ್ನೇ ನಂಬಿದರೆ ಮೊಮ್ಮಕ್ಕಳ ಕಾಲಕ್ಕೆ ವ್ಯಾಜ್ಯವೆಂದು ಶಾಸನ ಬರೆಸಿದವರಿಗೆ ಗೊತ್ತಿತ್ತು.

ಈಗ ಮೀಟರು ಬಂದು ಗಳೆಯ ಗೊಂದಲ ತೀರಿತೆಂದು ಭಾವಿಸುವಂತಿಲ್ಲ. ದಶಮಾಂಶ ಅಳತೆಯ ಕಾಯಿದೆ ೧೯೫೬ರಲ್ಲಿಯೇ ಆಯಿತು. ನಕ್ಷೆಗಳು ಮಿಲಿಮೀಟರಿನಲ್ಲಿ ಬರುತ್ತವೆ. ಮೇಸ್ತ್ರಿಯ ನಾಲಗೆಯ ಮೇಲೆ ಮಾತ್ರ ಇನ್ನೂ ಅಡಿ, ಅಂಗುಲ, ಚದರಗಳೇ ಇವೆ. ನಕ್ಷೆಯ ೨೩೦ ಮಿಲಿಮೀಟರು ಅವನಿಗೆ ಒಂಬತ್ತಂಗುಲದ ಗೋಡೆ. ಮಾನಕ ಸಂಸ್ಥೆ ಗೊತ್ತುಮಾಡಿದ ಇಟ್ಟಿಗೆಯ ಉದ್ದ ೧೯೦ ಮಿಲಿಮೀಟರು, ಅಂದರೆ ಸುಮಾರು ಏಳೂವರೆ ಅಂಗುಲ. ಊರಿನ ಗೂಡಿನಿಂದ ಬರುವ ಇಟ್ಟಿಗೆಯದು ಗೂಡಿಗೊಂದು ಅಳತೆ. ಇದರ ಮೇಲೆ ಭಾಷೆಗಳ ಸೇರ್ಪಡೆ. ಇಂದು ಕಡೂರು ತರೀಕೆರೆಗಳಲ್ಲಿ ಕಟ್ಟುವ ಮನೆಗಳ ಕೆಲಸದಲ್ಲಿ ದೂರದೂರದ ಸೀಮೆಗಳಿಂದ ಬಂದ ಆಳುಗಳುಂಟು. ತಮಿಳಿನವನು ಅಂಗುಲದ ಎಂಟನೆಯ ಒಂದು ಭಾಗವನ್ನು ನೂಲು ಎನ್ನುತ್ತಾನೆ, ಹಿಂದಿಯವನು ಸೂತ್ ಎನ್ನುತ್ತಾನೆ. ಎರಡಕ್ಕೂ ದಾರವೆಂದೇ ಅರ್ಥ, ಎರಡೂ ಒಂದೇ ಅಳತೆ. ಆದರೂ ನಡುವೆ ಒಬ್ಬ ದುಭಾಷಿ ಇಲ್ಲದಿದ್ದರೆ ಕಿಟಕಿಯ ಸಂದಿಯಲ್ಲಿ ಗಾಳಿ ನುಗ್ಗುತ್ತದೆ.

ಈ ತೊಡಕಿಗೆ ಅನುಭವಸ್ಥರಾದ ಮೇಸ್ತ್ರಿಗಳು ಕಂಡುಕೊಂಡಿರುವ ಉಪಾಯ ಬಲು ಸರಳ. ಗೋಡೆಗಳು ಸೊಂಟದೆತ್ತರ ದಾಟಿದೊಡನೆ ನೀರು ತುಂಬಿದ ಪಾರದರ್ಶಕ ಕೊಳವೆಯೊಂದನ್ನು ಹಿಡಿದು, ಮನೆಯ ಎಲ್ಲ ಗೋಡೆಗಳ ಮೇಲೂ ಒಂದೇ ಮಟ್ಟದಲ್ಲಿ ಗೆರೆ ಹೊಡೆಯುತ್ತಾರೆ. ಕೊಳವೆಯ ಎರಡು ತುದಿಗಳಲ್ಲಿ ನೀರು ನಿಲ್ಲುವ ಎತ್ತರ ಒಂದೇ ಆದುದರಿಂದ ಗೋಡೆ ಯಾವ ಮೂಲೆಯಲ್ಲಿದ್ದರೂ ಗೆರೆ ತಪ್ಪುವುದಿಲ್ಲ. ಮುಗಿದ ನೆಲದಿಂದ ಈ ಗೆರೆ ಇಷ್ಟು ಎತ್ತರವೆಂದು, ಮೀಟರಾದರೆ ಮೀಟರು, ಮೂರಡಿಯಾದರೆ ಮೂರಡಿ, ಅಲ್ಲಿಯೇ ಬರೆದುಬಿಡುತ್ತಾರೆ. ಆಮೇಲೆ ಬಡಗಿಯಾಗಲಿ, ನಲ್ಲಿಯವನಾಗಲಿ, ವಿದ್ಯುತ್ತಿನ ತಂತಿ ಎಳೆಯುವವನಾಗಲಿ ನೆಲವನ್ನು ನೋಡಬೇಕಾಗಿಲ್ಲ. ಎಲ್ಲರೂ ಆ ಗೆರೆಯಿಂದ ಮೇಲಕ್ಕೋ ಕೆಳಕ್ಕೋ ಅಳೆದರೆ ತೀರಿತು. ನೆಲಕ್ಕೆ ಕಾವಿಯ ಬದಲು ಕಲ್ಲು ಬಂದರೂ ಅದು ಎಷ್ಟು ಎತ್ತರಕ್ಕೆ ಬಂದು ನಿಲ್ಲಬೇಕೆಂಬುದನ್ನು ಗೆರೆಯೇ ಹೇಳುತ್ತದೆ; ಕಲ್ಲಿನ ದಪ್ಪಕ್ಕೆ ಜಾಗ ಸಾಲದಿದ್ದರೆ ಅದು ಹಾಸುವ ಮೊದಲೇ ಗೊತ್ತಾಗುತ್ತದೆ. ಇದರ ಖರ್ಚು ಒಂದು ಕೊಳವೆ, ಒಂದಿಷ್ಟು ಬಣ್ಣ, ಇಬ್ಬರು ಆಳುಗಳ ಅರ್ಧ ಹೊತ್ತು.

ಗೆರೆಯೊಂದಿದ್ದರೆ ಸಾಲದು. ಕೇಳುವ ಧೈರ್ಯವೂ ಬೇಕು. ನಮ್ಮಲ್ಲಿ ಅದೇ ಕಡಿಮೆ. ಕೆಲಸದವನಿಗೆ ಏನನ್ನಾದರೂ ಹೇಳಿದರೆ ಅವನು "ಆಗ್ಲಿ ಸ್ವಾಮಿ" ಎನ್ನುತ್ತಾನೆ. ಕನ್ನಡದಲ್ಲಿ ಇಷ್ಟು ಅರ್ಥಗಳುಳ್ಳ ಮತ್ತೊಂದು ಮಾತಿಲ್ಲ. ತಿಳಿಯಿತು, ಮಾಡುತ್ತೇನೆ ಎಂಬುದು ಒಂದು ಅರ್ಥ. ತಿಳಿಯಲಿಲ್ಲ, ಆದರೆ ಹಾಗೆಂದರೆ ನೀವು ರೇಗುತ್ತೀರಿ ಎಂಬುದು ಇನ್ನೊಂದು. ನೀವು ಹೇಳುವುದು ತಪ್ಪು, ಆದರೆ ಹಣ ನಿಮ್ಮದು ಎಂಬುದು ಮೂರನೆಯದು. ಮೇಸ್ತ್ರಿ ಬುದ್ಧಿವಂತನಾದಷ್ಟೂ ಈ ಮೂರನೆಯ ಅರ್ಥದ "ಆಗ್ಲಿ" ಹೆಚ್ಚು. ಸಚ್ಚೆಯ ಮನೆಗೆ ಈ ಇಳಿಜಾರು ಸಾಲದೆಂದು ಅವನಿಗೆ ಮೊದಲ ದಿನವೇ ಗೊತ್ತಿರುತ್ತದೆ. ಒಂದೆರಡು ಸಲ ಗದರಿಸಿಕೊಂಡವನು ಮೂರನೆಯ ಸಲ ಬಾಯಿ ಬಿಡುವುದಿಲ್ಲ. ಹೀಗೆ ಗದರಿಕೆಯಿಂದ ಉಳಿಯುವುದು ಯಜಮಾನರ ಗೌರವ, ಹೋಗುವುದು ಅವರದೇ ಹಣ. "ತಿಳಿಯಿತೇನಯ್ಯ?" ಎಂದು ಕೇಳಿ ಪ್ರಯೋಜನವಿಲ್ಲ, "ಈಗ ಏನು ಮಾಡ್ತೀಯ, ಒಂದು ಸಲ ಹೇಳು ನೋಡೋಣ" ಎಂದು ಕೇಳಬೇಕು. ಪಾಠವನ್ನು ಒಪ್ಪಿಸುವುದೆಂದು ಹಳೆಯ ಕೂಲಿಮಠದಲ್ಲಿ ಹೇಳುತ್ತಿದ್ದುದು ಇದನ್ನೇ.

ಅಡಿಗೆಯ ಮನೆಯ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಕಟ್ಟೆಯ ಎತ್ತರ ಎಷ್ಟಿರಬೇಕು, ಗಾಳಿಯ ಕಿಂಡಿ ಎಲ್ಲಿರಬೇಕು, ಮಿಕ್ಸಿಯ ತಂತಿ ಎಲ್ಲಿಗೆ ಎಟುಕಬೇಕು ಎಂಬುದು ಅಲ್ಲಿ ನಿಂತು ಕೆಲಸ ಮಾಡುವವರಿಗೆ ಮಾತ್ರ ಗೊತ್ತು. ಆದರೆ ಅವರ ಮಾತು ಯಜಮಾನರ ಮೂಲಕ ಮೇಸ್ತ್ರಿಯನ್ನೂ, ಮೇಸ್ತ್ರಿಯ ಮೂಲಕ ಆಳನ್ನೂ ಮುಟ್ಟುವಷ್ಟರಲ್ಲಿ "ಸ್ವಲ್ಪ ತಗ್ಗಿಸಬೇಕಂತೆ" ಎಂಬಷ್ಟಕ್ಕೆ ಇಳಿದಿರುತ್ತದೆ. ಸ್ವಲ್ಪವೆಂದರೆ ಎಷ್ಟು? ಅಮ್ಮನವರೇ ಒಂದು ದಿನ ಬಂದು ಗೋಡೆಯ ಪಕ್ಕದಲ್ಲಿ ನಿಂತು ಇದ್ದಲಿನಿಂದ ಒಂದು ಗೀಟು ಎಳೆದರೆ ಆ ಕೆಲಸ ಎರಡು ನಿಮಿಷದ್ದು. ಮನೆ ಕಟ್ಟುವ ಜಾಗಕ್ಕೆ ಹೆಂಗಸರು ಪೂಜೆಯ ದಿನ ಬಂದರೆ ಸಾಕೆಂಬ ಹಳೆಯ ಭಾವನೆಗೆ ಎಷ್ಟೋ ಮನೆಗಳ ಗೃಹಿಣಿಯರು ಇಂದಿಗೂ ಬೆನ್ನುನೋವಿನ ರೂಪದಲ್ಲಿ ಬಡ್ಡಿ ಕಟ್ಟುತ್ತಿದ್ದಾರೆ.

ಈಗ ಎಲ್ಲರ ಜೇಬಿನಲ್ಲಿಯೂ ದೂರವಾಣಿಯಿದೆ. ಮಾತು ಮುಟ್ಟಿಸುವುದು ಸುಲಭವಾಯಿತೆಂದು ಹಿಗ್ಗುವುದಕ್ಕೆ ಮೊದಲು ಒಂದನ್ನು ಗಮನಿಸಬೇಕು: ಮಾತಾಡುವವರೂ ಅಷ್ಟೇ ಹೆಚ್ಚಿದ್ದಾರೆ. ಯಜಮಾನರು ಒಂದು ಹೇಳಿದರೆ, ಬೆಂಗಳೂರಿನ ಮಗ ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಇನ್ನೊಂದು ಕಳಿಸುತ್ತಾನೆ. ಅಮೆರಿಕದ ಅಳಿಯನಿಗೆ ಆಗ ಹಗಲು, ಅವನದು ಮೂರನೆಯ ಅಭಿಪ್ರಾಯ. ಮೇಸ್ತ್ರಿ ಬೆಳಿಗ್ಗೆ ಎದ್ದು ತನಗೆ ಅನುಕೂಲವಾದುದನ್ನು ಆರಿಸಿಕೊಳ್ಳುತ್ತಾನೆ. ಮನೆಯವರೆಲ್ಲರೂ ಕೂಡಿ ಜಗಳವಾಡಿ ನಿರ್ಧರಿಸಲಿ, ಮೇಸ್ತ್ರಿಗೆ ಹೇಳುವ ಬಾಯಿ ಮಾತ್ರ 
ಒಂದೇ ಇರಲಿ. ಅದೇ ಯಂತ್ರದಿಂದ ಒಂದು ಉಪಕಾರವೂ ಉಂಟು. ತಾರಸಿಗೆ ಕಾಂಕ್ರೀಟು ಹಾಕುವ ಹಿಂದಿನ ಸಂಜೆ, ಕಬ್ಬಿಣದ ಸರಳುಗಳ ನಡುವೆ ತಂತಿಯ ಕೊಳವೆಗಳು ಎಲ್ಲೆಲ್ಲಿ ಹೋಗಿವೆಯೆಂದು ಅಳತೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆದಿಟ್ಟುಕೊಳ್ಳಬಹುದು. ಬೀಸಣಿಗೆಯ ಕೊಕ್ಕೆ ಮರೆತುಹೋಗಿದ್ದರೆ ಆ ಸಂಜೆ ಅದನ್ನು ಕಟ್ಟುವ ಖರ್ಚು ಒಂದು ತುಂಡು ತಂತಿ. ಮರುದಿನ ಸಂಜೆಯಾದರೆ ಉಳಿ, ಸುತ್ತಿಗೆ, ಒಂದು ದಿನದ ಕೂಲಿ. ಮೇಲೆ ತಾರಸಿ ಸೋರೀತೆಂಬ ಅಳುಕು.

ಹೇಳುವುದೊಂದೇ ಅಲ್ಲ, ಯಾರಿಗೆ ಹೇಳಬೇಕೋ ಅವರಿಗೆ, ಹೊತ್ತಿಗೆ ಸರಿಯಾಗಿ ಹೇಳಬೇಕು. ಕೆನಡದ ಕ್ವಿಬೆಕ್ ನಗರದ ಬಳಿ ಸೇಂಟ್ ಲಾರೆನ್ಸ್ ನದಿಗೆ ಕಟ್ಟುತ್ತಿದ್ದ ಉಕ್ಕಿನ ಸೇತುವೆಯ ಕಥೆ ಇಂಜಿನಿಯರುಗಳಿಗೆ ಚಿರಪರಿಚಿತವಾದುದು. ಉಕ್ಕಿನ ತೊಲೆಗಳು ಬಾಗುತ್ತಿರುವುದನ್ನು ಸ್ಥಳದಲ್ಲಿದ್ದ ತರುಣ ಇಂಜಿನಿಯರು ಕಂಡು, ದೂರದ ನ್ಯೂಯಾರ್ಕಿನಲ್ಲಿದ್ದ ಮುಖ್ಯ ಸಲಹೆಗಾರ ಥಿಯೊಡೋರ್ ಕೂಪರರ ಬಳಿಗೆ ತಾವೇ ಹೋದರು. ೧೯೦೭ರ ಆಗಸ್ಟ್ ೨೯ರಂದು ಕೂಪರರು ಸೇತುವೆಯ ಮೇಲೆ ಇನ್ನು ಭಾರ ಹೇರಬೇಡಿರೆಂದು ತಂತಿ ಕಳುಹಿಸಿದರು. ಆದರೆ ತಂತಿ ಹೋದದ್ದು ಪೆನ್ಸಿಲ್ವೇನಿಯದಲ್ಲಿದ್ದ ಕಂಪನಿಯ ಕಚೇರಿಗೆ, ನದಿಯ ದಡಕ್ಕಲ್ಲ. ಅದೇ ಸಂಜೆ ಸೇತುವೆ ಕುಸಿದು ೭೫ ಮಂದಿ ಸತ್ತರು. ತೊಲೆಗಳ ಲೆಕ್ಕದಲ್ಲಿಯೇ ದೋಷವಿತ್ತು, ತಂತಿ ಮುಟ್ಟಿದ್ದರೂ ಸೇತುವೆ ಉಳಿಯುತ್ತಿತ್ತೆಂದು ಹೇಳಲಾಗದು. ಮೇಲೆ ಕೆಲಸ ಮಾಡುತ್ತಿದ್ದವರು ಕೆಳಗಿಳಿದಿರಬಹುದಾಗಿತ್ತು.

ಅಜ್ಜಂಪುರ, ತರೀಕೆರೆ, ಕಡೂರಿನ ಸೀಮೆಯವರು ಮನೆಗಳಿಗಿಂತ ಬಹು ದೊಡ್ಡದೊಂದು ಕಟ್ಟೋಣವನ್ನು ಎರಡು ದಶಕಗಳ ಕಾಲ ಹತ್ತಿರದಿಂದ ಕಂಡಿದ್ದಾರೆ. ಅದು ಭದ್ರಾ ಮೇಲ್ದಂಡೆ ಯೋಜನೆ. ತುಂಗೆಯಿಂದ ೧೭.೪೦ ಟಿ.ಎಂ.ಸಿ. ನೀರನ್ನು ಭದ್ರಾ ಜಲಾಶಯಕ್ಕೆ ಎತ್ತಿ, ಅಲ್ಲಿಂದ ಒಟ್ಟು ೨೯.೯೦ ಟಿ.ಎಂ.ಸಿ.ಯನ್ನು ಮೇಲಕ್ಕೆತ್ತಿ, ತರೀಕೆರೆಯ ಕಡೆಯಿಂದ ಕಾಲುವೆಯಲ್ಲಿ ಹರಿಸಿ, ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರು ಉದ್ದದ ಸುರಂಗದ ಮೂಲಕ ಬಯಲುಸೀಮೆಗೆ ಒಯ್ಯುವ ಸಂಕಲ್ಪ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ೨,೨೫,೫೧೫ ಹೆಕ್ಟೇರು ಭೂಮಿಗೆ ಹನಿ ನೀರಾವರಿ, ೩೬೭ ಕೆರೆಗಳಿಗೆ ನೀರು ಎಂಬುದು ಗುರಿ. ೨೦೦೩ರಲ್ಲಿ ಇದರ ಅಂದಾಜು ೨,೮೧೩ ಕೋಟಿ ರೂಪಾಯಿ. ೨೦೦೮ರಲ್ಲಿ ೫,೯೮೫ ಕೋಟಿ. ೨೦೨೦ರ ವೇಳೆಗೆ ೨೧,೪೭೩ ಕೋಟಿಯಾಯಿತು.

ಇದೆಲ್ಲವೂ ಮಾತಿನ ಕೊರತೆಯಿಂದ ಆದುದೆಂದರೆ ಅನ್ಯಾಯವಾಗುತ್ತದೆ. ಯೋಜನೆಯ ವಿಸ್ತಾರವೇ ನಡುವೆ ಬದಲಾಯಿತು, ಬೆಲೆಗಳು ಏರಿದವು. ಆದರೆ ಏರುವ ಬೆಲೆಗೆ ಸಿಕ್ಕಿಬೀಳುವುದು ನಿಂತ ಕೆಲಸವೇ. ಇಂಥ ಕಾಲುವೆ ಹೆದ್ದಾರಿಯನ್ನು ದಾಟಬೇಕು, ರೈಲು ಹಳಿಯನ್ನು ದಾಟಬೇಕು, ವಿದ್ಯುತ್ತಿನ ಮಾರ್ಗಗಳನ್ನು ದಾಟಬೇಕು. ದಾಟುವ ಒಂದೊಂದು ಸ್ಥಳವೂ ಒಂದು ಹೊಸ್ತಿಲು. ಆಚೆಗೆ ಒಂದು ಇಲಾಖೆ, ಈಚೆಗೆ ಒಂದು ಇಲಾಖೆ. ಇವುಗಳೆಲ್ಲಕ್ಕಿಂತ ಕಠಿನವಾದುದು ರೈತನ ಹೊಲವನ್ನು ದಾಟುವುದು. ಅಜ್ಜಂಪುರದ ಕಡೆಯ ಅಬ್ಬಿನಹೊಳಲು ಗ್ರಾಮದ ಬಳಿ, ಎರಡು ಕಿಲೋಮೀಟರಿಗೂ ಕಡಿಮೆಯಾದ ಕಾಲುವೆಯ ತುಂಡೊಂದು ಭೂಮಿಯ ಪರಿಹಾರದ ವಿವಾದದಿಂದ ವರ್ಷಗಟ್ಟಲೆ ನಿಂತಿತ್ತು. ಅತ್ತ ಸುರಂಗ ಸಿದ್ಧವಾಗಿ, ಇತ್ತ ಚಿತ್ರದುರ್ಗದವರು ನೀರಿಗಾಗಿ ಕಾದಿದ್ದರು. ಭೂಮಿ ಕೊಡಲೊಲ್ಲದ ರೈತನನ್ನು ಹಟಮಾರಿಯೆಂದು ಬಯ್ಯುವುದು ಪಟ್ಟಣದವರಿಗೆ ಸುಲಭ. ತಲೆಮಾರುಗಳಿಂದ ಉತ್ತ ಹೊಲಕ್ಕೆ ಬೇರೆಯವರು ಕಟ್ಟಿದ ಬೆಲೆ ಸಾಲದೆನ್ನುವವನ ಮಾತಿನಲ್ಲಿ ಹಟವಲ್ಲದ್ದೂ ಇರುತ್ತದೆ.

ಸರ್ಕಾರಿ ನೋಟೀಸುಗಳ ಭಾಷೆಯನ್ನು ಒಮ್ಮೆ ಓದಿ ನೋಡಬೇಕು. "ಸದರಿ", "ಮೇಲ್ಕಂಡ", "ಪೈಕಿ", "ಚಕ್ಕುಬಂದಿ" ಮುಂತಾದ ಮಾತುಗಳ ನಡುವೆ, ನಿನ್ನ ಹೊಲದಲ್ಲಿ ಇಷ್ಟು ಗುಂಟೆ ಹೋಗುತ್ತದೆ, ಇಂಥ ದಿನ ಇಷ್ಟು ಹಣ ಬರುತ್ತದೆ, ಉಳಿದ ತುಂಡಿಗೆ ದಾರಿ ಹೀಗೆ ಎಂಬ ಮೂರು ವಾಕ್ಯಗಳು ಎಲ್ಲಿವೆಯೆಂದು ಹುಡುಕಬೇಕಾಗುತ್ತದೆ. ಕನ್ನಡದಲ್ಲಿದ್ದ ಮಾತ್ರಕ್ಕೆ ಅದು ಕನ್ನಡ ಬಲ್ಲವನಿಗೆ ತಿಳಿಯುತ್ತದೆಂದು ಹೇಳುವಂತಿಲ್ಲ. ೨೦೧೩ರ ಭೂಸ್ವಾಧೀನ ಕಾಯಿದೆ ಜನರ ಅಹವಾಲನ್ನು ಕೇಳುವ ಸಭೆಗಳನ್ನು ವಿಧಿಸಿತು. ಸಭೆಯಲ್ಲಿ ಮೈಕು ಒಂದೇ ಕಡೆಗೆ ತಿರುಗಿದ್ದರೆ ಕಾಯಿದೆ ತೃಪ್ತಿಗೊಳ್ಳುತ್ತದೆ, ರೈತ ತೃಪ್ತನಾಗುವುದಿಲ್ಲ.

ಮತ್ತೆ ಮನೆಯ ಅಳತೆಗೆ ಇಳಿಯುವುದಾದರೆ, ಮಾಡಬಹುದಾದ ಕೆಲಸವೊಂದಿದೆ. ಲೋಕೋಪಯೋಗಿ ಇಲಾಖೆಯಲ್ಲಿ ಅಳತೆ ಪುಸ್ತಕವೆಂಬುದೊಂದುಂಟು. ಅದರ ಪುಟಗಳಿಗೆ ಮೊದಲೇ ಅಂಕೆ ಹಾಕಿರುತ್ತದೆ; ಹಾಳೆ ಹರಿಯುವಂತಿಲ್ಲ, ಬರೆದುದನ್ನು ಉಜ್ಜಿ ಅಳಿಸುವಂತಿಲ್ಲ. ಅಷ್ಟು ಕಟ್ಟುನಿಟ್ಟು ಮನೆಗೆ ಬೇಡ. ಶಾಲೆಯ ಮಕ್ಕಳ ದಪ್ಪ ನೋಟುಬುಕ್ಕೊಂದನ್ನು ಸಿಮೆಂಟಿನ ಮೂಟೆಗಳಿಡುವ ಕೊಠಡಿಯಲ್ಲಿ ದಾರ ಕಟ್ಟಿ ತೂಗುಹಾಕಿದರೆ ಸಾಕು. ಇಂಥ ದಿನ ನೆಲಕ್ಕೆ ಕಾವಿಯ ಬದಲು ಕಲ್ಲೆಂದು ಗೊತ್ತಾಯಿತು, ಒಟ್ಟು ದಪ್ಪ ಎರಡೂವರೆ ಅಂಗುಲ, ಹೇಳಿದವರು ಯಜಮಾನರು, ಕೇಳಿದವರು ಮೇಸ್ತ್ರಿ, ಬಡಗಿಗೆ ದೂರವಾಣಿಯಲ್ಲಿ ತಿಳಿಸಲಾಯಿತು, ಹೆಚ್ಚಾಗುವ ಖರ್ಚು ಇಷ್ಟು, ಅದು ಯಜಮಾನರದು. ಕೆಳಗೆ ಇಬ್ಬರ ರುಜು. ಓದು ಬಾರದವನಿಗೆ ಓದಿ ಹೇಳಿ ಹೆಬ್ಬೆಟ್ಟು. ಇಷ್ಟು ಬರೆಯುವುದಕ್ಕೆ ಸಂಕೋಚಪಡುವವರುಂಟು. ಬರೆಸಿಕೊಂಡರೆ ಮೇಸ್ತ್ರಿಯ ಮೇಲೆ ಅಪನಂಬಿಕೆ ತೋರಿಸಿದಂತಾದೀತೆಂದು ಅವರ ಅಳುಕು. ವಾಸ್ತವವಾಗಿ ಆ ಪುಸ್ತಕ ಮೇಸ್ತ್ರಿಯನ್ನೇ ಹೆಚ್ಚಾಗಿ ಕಾಪಾಡುವುದು. ಅಜ್ಜಂಪುರದ ಮೇಸ್ತ್ರಿಯ ಬಳಿ ಅಂಥದೊಂದು ಹಾಳೆಯಿದ್ದಿದ್ದರೆ ಆ ಇಬ್ಬರು ಆಳುಗಳು ಎರಡು ತಿಂಗಳು ಕಾಯಬೇಕಾಗಿರಲಿಲ್ಲ.

ತರೀಕೆರೆಗೆ ಹತ್ತಿರದ ಅಮೃತಾಪುರದಲ್ಲಿ, ವೀರಬಲ್ಲಾಳನ ದಂಡನಾಯಕ ಅಮಿತಯ್ಯನು ೧೧೯೬ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ಆ ಗುಡಿಯಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನು ಮುಂದೆ ಹಲವು ದಶಕಗಳ ಕಾಲ ಹೊಯ್ಸಳ ನಾಡಿನ ಗುಡಿಗಳಲ್ಲಿ ದುಡಿದು, ಸೋಮನಾಥಪುರದವರೆಗೂ ತನ್ನ ಹೆಸರನ್ನು ವಿಗ್ರಹಗಳ ಅಡಿಯಲ್ಲಿ ಕೆತ್ತಿ ಹೋದನು. ಕೆಲವೆಡೆ "ಮಲ್ಲಿ" ಎಂದಷ್ಟೆ, ಕೆಲವೆಡೆ "ಮ" ಎಂಬ ಒಂದೇ ಅಕ್ಷರ. ಅದನ್ನು ಕಲಾವಿದನ ಕೀರ್ತಿಕಾಮನೆಯೆಂದು ಹೊಗಳುವುದು ವಾಡಿಕೆ. ಹತ್ತಾರು ಕೈಗಳು ಒಟ್ಟಿಗೆ ದುಡಿಯುವ ಕಡೆ ಇದು ಯಾರ ಕೆಲಸವೆಂದು ಗೊತ್ತಾಗುವ ಗುರುತೂ ಆಗಿದ್ದಿರಬಹುದು. ಕಲ್ಲಿನ ಮೇಲೆ ಕೆತ್ತಿದ ಹೆಸರನ್ನು ತೋರಿಸಿದ ಮೇಲೆ, ಇದನ್ನು ಮಾಡಿದವನು ನಾನಲ್ಲವೆನ್ನುವಂತಿಲ್ಲ.

ಮನೆ ಮುಗಿದ ಮೇಲೆ ಆ ನೋಟುಬುಕ್ಕನ್ನು ಹಳೆಯ ಪತ್ರಿಕೆಗಳೊಡನೆ ತೂಕಕ್ಕೆ ಹಾಕಬಾರದು. ನಿವೇಶನದ ಕಾಗದಪತ್ರಗಳ ಜೊತೆಯಲ್ಲಿಯೇ ಕಪಾಟಿನಲ್ಲಿಡಬೇಕು. ಹತ್ತು ವರ್ಷಗಳ ಮೇಲೆ ಸ್ನಾನದ ಮನೆಯ ಗೋಡೆ ಒದ್ದೆಯಾದಾಗ ನೀರಿನ ಕೊಳವೆ ಯಾವ ಮೂಲೆಯಲ್ಲಿ, ಗೆರೆಯಿಂದ ಎಷ್ಟು ಕೆಳಗೆ ತಿರುಗಿದೆಯೆಂದು ಅದರಲ್ಲಿ ನೋಡಬಹುದು. ಗೋಡೆಗೆ ಕ್ಯಾಲೆಂಡರಿನ ಮೊಳೆ ಹೊಡೆಯುವ ಮೊದಲೂ ನೋಡಬಹುದು. ಆ ಹೊತ್ತಿಗೆ ಮೇಸ್ತ್ರಿ ಬೇರೆ ಊರಿನಲ್ಲಿರುತ್ತಾನೆ, ತಂತಿ ಎಳೆದವನ ಹೆಸರು ಯಾರಿಗೂ ನೆನಪಿರುವುದಿಲ್ಲ.